ಡಾಲ್ಡಾ ಡಬ್ಬಿಯ ಚಿಲ್ಲರೆ: ಪೈಸೆಗಳ ಸೆಟ್ ಪೂರ್ತಿ ಮಾಡೋದು ಹೇಗೆ

2011ರ ಜೂನ್ 30ರಿಂದ ನಾಲ್ಕಾಣೆ (25 ಪೈಸೆ) ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳು ನಡೆಯುವುದಿಲ್ಲ ಅಂತಾದಾಗ ನಮ್ಮ ದಿನಸಿ ಅಂಗಡಿಯಲ್ಲಿ ಒಂದು ಡಾಲ್ಡಾ ಡಬ್ಬಿ ತುಂಬ ಪೈಸೆಗಳಿದ್ದವು. “ಬ್ಯಾಂಕಿಗೆ ಕೊಟ್ಟು ಬದಲಾಯಿಸಿಕೊಂಡು ಬನ್ನಿ” ಅಂತ ಅಮ್ಮ ಹೇಳುತ್ತಲೇ ಇದ್ದರು. ಅಪ್ಪ ಹೋಗಲಿಲ್ಲ. “ಹೋಗಿಬರೋ ಆಟೋಗೂ ಸಾಲಲ್ಲ ಕಣೇ” ಅಂದರು. ಡಬ್ಬಿ ನನ್ನ ಪಾಲಿಗೆ ಬಂತು.

ನೀವೂ ಇಂಥ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದರೆ, ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ‘ಪೂರ್ತಿ’ ಅಂದರೆ ನಿಮಗೆ ಏನು? ಪ್ರತಿ ವರ್ಷದ್ದು, ಪ್ರತಿ ಟಂಕಸಾಲೆಯದ್ದು ಒಂದೊಂದು ಬೇಕು ಅಂತ ಹೊರಟರೆ ಜೀವನ ಸಾಲದು, ಮನೆಯವರ ತಾಳ್ಮೆಯೂ ಸಾಲದು. ನಾನು ಇಟ್ಟುಕೊಂಡ ಲೆಕ್ಕ ಸಣ್ಣದು. 1957ರ ಏಪ್ರಿಲ್ 1ರಿಂದ ಆಣೆ ಹೋಗಿ ಪೈಸೆ ಲೆಕ್ಕ ಬಂತಲ್ವಾ, ಅಲ್ಲಿಂದ ಶುರು. 1, 2, 3, 5, 10, 20, 25 ಪೈಸೆ, ಒಟ್ಟು ಏಳು ಬಗೆ. ಇವುಗಳಲ್ಲಿ ಲೋಹ, ಆಕಾರ ಅಥವಾ ಹೆಸರು ಬದಲಾದಾಗಲೆಲ್ಲ ಒಂದು ನಾಣ್ಯ. ಎಂಟಾಣೆ ಕಾನೂನಿನ ಪ್ರಕಾರ ಇನ್ನೂ ನಡೆಯುತ್ತದೆ. ಅಂಗಡಿಯವನಾದ ನಾನೇ ತೆಗೆದುಕೊಳ್ಳುವುದಿಲ್ಲ, ಅದು ಬೇರೆ ಮಾತು. ಹಾಗಾಗಿ ಅದನ್ನು ಬಿಟ್ಟೆ.

ಹಳೆ ನ್ಯೂಸ್‌ಪೇಪರ್ ಹಾಸಿ ಡಬ್ಬಿ ಸುರಿಯಿರಿ. ಆಕಾರ ನೋಡಿ ಗುಡ್ಡೆ ಮಾಡುವುದು ಸುಲಭ. ಐದು ಪೈಸೆ ಚೌಕ, ಮೂರು ಪೈಸೆ ಆರು ಮೂಲೆ, ಎರಡು ಪೈಸೆಗೆ ಹೂವಿನಂಥ ಅಂಚು. ಆಮೇಲೆ ಒಂದು ಅಯಸ್ಕಾಂತ ತನ್ನಿ. ಕೆಟ್ಟ ರೇಡಿಯೋದ ಸ್ಪೀಕರಿನದ್ದು ಸಾಕು. ಇದರ ಮಜಾ ಗೊತ್ತಾಗುವುದು ನಾಲ್ಕಾಣೆಯಲ್ಲಿ. 1957ರಿಂದ ಬಂದ ಮೊದಲ ನಾಲ್ಕಾಣೆ ನಿಕಲ್, ಟಪ್ ಅಂತ ಅಂಟುತ್ತದೆ. 1972ರಿಂದ ಬಂದದ್ದು ತಾಮ್ರ-ನಿಕಲ್ ಬೆರಕೆ. ನೋಡಲು ಹಾಗೇ ಇದ್ದರೂ ಅಂಟುವುದಿಲ್ಲ. 1988ರಿಂದ ಬಂದ ಖಡ್ಗಮೃಗದ ನಾಲ್ಕಾಣೆ ಸ್ಟೀಲು, ಮತ್ತೆ ಅಂಟುತ್ತದೆ. ಹತ್ತು ಪೈಸೆಯಂತೂ ನಾಲ್ಕು ಲೋಹ ಕಂಡಿದೆ: ತಾಮ್ರ-ನಿಕಲ್, ಹಿತ್ತಾಳೆ, ಅಲ್ಯೂಮಿನಿಯಂ, ಕೊನೆಗೆ ಸ್ಟೀಲು. ಮೊದಲ ಮೂರಕ್ಕೆ ಹೂವಿನ ಅಂಚು, ಸ್ಟೀಲಿನದ್ದು ಮಾತ್ರ ದುಂಡಗೆ.

ಇನ್ನು ಹೆಸರು. 1957ರಿಂದ 1964ರವರೆಗೆ ಇದು ‘ನಯಾ ಪೈಸೆ’. ಹಳೇ ಪೈಸೆಯ ಜೊತೆ ಜನ ಗೊಂದಲ ಮಾಡಿಕೊಳ್ಳಬಾರದು ಅಂತ ಸೇರಿಸಿದ ಪದ. ಹಳೆಯದು ರೂಪಾಯಿಗೆ 64, ಹೊಸದು 100. ಅದಕ್ಕೇ ಹಿಂದಿಯಲ್ಲಿ ‘ರೂಪಾಯಿಯ ನೂರನೇ ಭಾಗ’ ಅಂತ ಬೇರೆ ಬರೆದಿದ್ದಾರೆ. ಎಲ್ಲರಿಗೂ ರೂಢಿಯಾಯಿತು ಅನ್ನಿಸಿದ ಮೇಲೆ, 1964ರ ಜೂನ್ 1ರಿಂದ ‘ನಯಾ’ ತೆಗೆದರು. ನಮ್ಮ ಬಾಯಿಂದ ಮಾತ್ರ ಹೋಗಲಿಲ್ಲ, ಇವತ್ತಿಗೂ “ನಯಾಪೈಸೆ ಇಲ್ಲ” ಅಂತಲೇ ಹೇಳುತ್ತೇವೆ.

ನಾನು ಸಿಕ್ಕಿಬಿದ್ದಿದ್ದು ಇಲ್ಲೇ. ಎರಡು ಪೈಸೆಯ ಹೆಸರು ಬದಲಾಗಿದ್ದು 1964ರಲ್ಲಿ. ಮರುವರ್ಷವೇ ಲೋಹವೂ ಬದಲಾಗಿ ಅಲ್ಯೂಮಿನಿಯಂ ಬಂತು. ಅಂದರೆ ‘ನಯಾ’ ಇಲ್ಲದ ತಾಮ್ರ-ನಿಕಲ್‌ನ ಎರಡು ಪೈಸೆ ಒಂದೇ ವರ್ಷದ್ದು. ಏನೂ ಭಾರೀ ಅಪರೂಪದ್ದಲ್ಲ. ಮಾರುವವರ ಹತ್ತಿರ ಸಿಗುತ್ತದೆ. ಆದರೆ ನಾನೊಂದು ನಿಯಮ ಹಾಕಿಕೊಂಡಿದ್ದೆ: ಈ ಸೆಟ್ಟಿಗೆ ದುಡ್ಡು ಕೊಟ್ಟು ಕೊಳ್ಳಬಾರದು, ಗೊತ್ತಿರುವ ಮನೆಗಳಿಂದಲೇ ಬರಬೇಕು. ಇಂಥ ನಿಯಮ ನೀವು ಹಾಕಿಕೊಳ್ಳಬೇಡಿ.

ಟಂಕಸಾಲೆಯ ಗುರುತು ವರ್ಷದ ಕೆಳಗೆ ಇರುತ್ತದೆ. ವಜ್ರದಾಕಾರ ಮುಂಬೈ, ನಕ್ಷತ್ರ ಹೈದರಾಬಾದ್, ದುಂಡು ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಮೊಬೈಲ್ ಟಾರ್ಚನ್ನು ಮೇಲಿಂದ ಬಿಡಬೇಡಿ, ಪಕ್ಕದಿಂದ ಬಿಡಿ. ಸವೆದ ಅಕ್ಷರವೂ ನೆರಳು ಬಿದ್ದು ಎದ್ದು ಕಾಣುತ್ತದೆ.

ತೊಳೆಯುವ ವಿಷಯ ಕೇಳಿ. ನನ್ನ ಹತ್ತಿರ 1957ರ ಕಂಚಿನ ಒಂದು ನಯಾ ಪೈಸೆ ಇತ್ತು. ಕಾಫಿಪುಡಿ ಬಣ್ಣಕ್ಕೆ ತಿರುಗಿತ್ತು. ಪೂಜೆ ಸಾಮಾನು ಬೆಳಗುವ ಹೊತ್ತಿಗೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದೆ. ಪಳಪಳ ಅಂತು. ಎರಡು ವಾರಕ್ಕೆ ಕಲೆಕಲೆಯಾಗಿ, ಗುಲಾಬಿ ಬಣ್ಣದ ಗಾಯದ ಥರ ಆಯಿತು. ನಾಣ್ಯದ ಮೇಲಿನ ಆ ಕಂದು ಕೊಳೆಯಲ್ಲ, ಅದರ ಚರ್ಮ. ಹುಣಸೆಹಣ್ಣು, ನಿಂಬೆ, ಪೀತಾಂಬರಿ, ಟೂತ್‌ಪೇಸ್ಟ್ ಯಾವುದೂ ಬೇಡ. ಧೂಳು, ಮಣ್ಣು ಅಂಟಿದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ರಾತ್ರಿಯಿಡೀ ನೆನೆಸಿ, ಹತ್ತಿ ಬಟ್ಟೆಯ ಮೇಲಿಟ್ಟು ನೀರು ಹೀರಿಸಿ. ಉಜ್ಜಬೇಡಿ. ಹಿಡಿಯುವಾಗ ಅಂಚಿನಲ್ಲಿ ಹಿಡಿಯಿರಿ.

ಇಡುವುದಕ್ಕೆ ಮೆತ್ತಗಿನ, ವಾಸನೆ ಬರುವ ಪ್ಲಾಸ್ಟಿಕ್ ಆಲ್ಬಮ್ ತರಬೇಡಿ. ಪಿವಿಸಿ ಅದು, ಮಳೆಗಾಲ ಎರಡು ಕಳೆಯುವಷ್ಟರಲ್ಲಿ ತಾಮ್ರದ ಮೇಲೆ ಹಸಿರು ಅಂಟು ಬಿಡುತ್ತದೆ. ಮೈಲಾರ್ ಅನ್ನೋ ಪಾರದರ್ಶಕ ಹಾಳೆಯ ಕಿಟಕಿ ಇರುವ ರಟ್ಟಿನ ಹೋಲ್ಡರ್ ಸಿಗುತ್ತದೆ, ಅದು ಸರಿ.

ಹುಡುಕುವುದೆಲ್ಲಿ? ಹೊಲಿಗೆ ಮೆಷಿನ್ನಿನ ಡ್ರಾಯರು. ಚೌಕಾಬಾರದ ಕಾಯಿಗಳ ಚೀಲ. ಗುಜರಿ ಅಂಗಡಿ. ಹಿತ್ತಾಳೆಯ ಕಮಲದ ಇಪ್ಪತ್ತು ಪೈಸೆ ಬೇಕಾದರೆ ದೇವರಮನೆ. ಲಕ್ಷ್ಮೀ ಪೂಜೆಗೆ ಅಂತ ಎಷ್ಟೋ ಜನ ಅದನ್ನು ಎತ್ತಿಟ್ಟಿರುತ್ತಾರೆ, ಕೇಳಿದರೂ ಕೊಡುವುದಿಲ್ಲ. ಇನ್ನು ಫೋನಿನಲ್ಲಿ “ನಿಮ್ಮ ಐದು ಪೈಸೆಗೆ ಲಕ್ಷ ಕೊಡ್ತೀವಿ, ಮೊದಲು ಕಮಿಷನ್ ಕಳಿಸಿ” ಅಂದರೆ ಕಟ್ ಮಾಡಿ. ಇಂಥವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿತ್ತು.

ನನ್ನ ಸೆಟ್ಟಿನಲ್ಲಿ ಆ 1964ರ ಕಿಟಕಿ ಇನ್ನೂ ಖಾಲಿ. ಅರಸೀಕೆರೆಯ ಸೋದರತ್ತೆಯ ಮನೆಯಲ್ಲಿ ತಿರುಪತಿ ತಿಮ್ಮಪ್ಪನ ಮುಡಿಪು ಒಂದಿದೆ. ಅವರ ಅತ್ತೆ ಕಟ್ಟಿದ್ದು, ಹಳದಿ ಬಟ್ಟೆಯದ್ದು. ಆ ಹರಕೆ ಯಾಕೆ ತೀರಿಸಲಿಲ್ಲ ಅಂತ ಯಾರೂ ಕೇಳುವುದಿಲ್ಲ. “ದೇವರ ದುಡ್ಡು, ಗಂಟು ಬಿಚ್ಚಬಾರದು ಕಣಪ್ಪಾ” ಅಂತಾರೆ ಅತ್ತೆ. ಶ್ರಾವಣ ಶನಿವಾರ ಹೋದಾಗ ಮಾತ್ರ ಕೈಗೆ ಕೊಡುತ್ತಾರೆ, ಕಣ್ಣಿಗೆ ಒತ್ತಿಕೊಳ್ಳಲು. ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದರೆ ಒಂದು ಸಣ್ಣ ನಾಣ್ಯದ ಹೂವಿನ ಅಂಚು ತಗಲುತ್ತದೆ. ಹತ್ತು ಪೈಸೆಯಷ್ಟು ಅಗಲ ಇಲ್ಲ. ಅಲ್ಯೂಮಿನಿಯಂಗಿಂತ ಭಾರ. ತಾಮ್ರ-ನಿಕಲ್‌ನ ಎರಡು ಪೈಸೆಯೇ ಅದು, ಅನುಮಾನವಿಲ್ಲ. ವರ್ಷ ಮಾತ್ರ ಬೆರಳಿಗೆ ಸಿಗುವುದಿಲ್ಲ.