ಲಂಡನ್ನಿನಲ್ಲಿ ನ್ಯೂ ಆರ್ಲಿಯನ್ಸ್ ಪೋಬಾಯ್: ನಾನು ಅಂಕ ಹಾಕುವ ಬಗೆ

ಪೋಬಾಯ್ ಎಂದರೆ ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದ, ಉದ್ದನೆಯ ಬ್ರೆಡ್ಡಿನ ಸ್ಯಾಂಡ್‌ವಿಚ್. ಕರಿದ ಸಿಗಡಿಯ ಪೋಬಾಯ್ ಮೇಜಿಗೆ ಬಂದಾಗ ನಾನು ಮೊದಲು ಸಿಗಡಿಯನ್ನು ನೋಡುವುದಿಲ್ಲ. ಬ್ರೆಡ್ಡಿನ ಮೇಲೆ ಹೆಬ್ಬೆರಳಿಟ್ಟು ಒತ್ತುತ್ತೇನೆ. ಚರಚರ ಸದ್ದು ಮಾಡಿ ಅರ್ಧ ಎತ್ತರಕ್ಕೆ ಕುಸಿದು, ಮೇಲ್ಪದರದ ಚೂರುಗಳು ಕಾಗದದ ಮೇಲೆ ಉದುರಿದರೆ ಬ್ರೆಡ್ ಸರಿಯಿದೆ. ಬೆರಳಿಗೆ ಬಗ್ಗದೆ ನಿಂತರೆ ಅದು ಗಟ್ಟಿ ಮೇಲ್ಪದರದ ಫ್ರೆಂಚ್ ಬ್ಯಾಗೆಟ್. ಸದ್ದೇ ಇಲ್ಲದೆ ಒಳಗೆ ಹೋಗಿ ಮತ್ತೆ ಉಬ್ಬಿ ಬಂದರೆ ಬರ್ಗರಿನ ಬನ್ನು ಅಥವಾ ಬೆಣ್ಣೆ ಹಾಕಿದ ಸಿಹಿ ಬ್ರಿಯೋಶ್ ಬ್ರೆಡ್. ಲಂಡನ್ನಿನಲ್ಲಿ ಅಮೆರಿಕದ ದಕ್ಷಿಣ ಭಾಗದ ಅಡುಗೆ ಮಾಡುವ ಹೋಟೆಲುಗಳಲ್ಲಿ ಪೋಬಾಯ್ ಸೋಲುವುದು ಬಹುಪಾಲು ಈ ಹಂತದಲ್ಲೇ.

ಹಾಗಾಗಿ ನನ್ನ ನೂರು ಅಂಕಗಳಲ್ಲಿ ಬ್ರೆಡ್ಡಿಗೆ 40, ಸಿಗಡಿಗೆ 30, ಸೊಪ್ಪು, ಟೊಮೆಟೊ, ಮೇಯನೇಸ್‌ಗೆ 15, ಒಟ್ಟು ಜೋಡಣೆಗೆ 15. ಬ್ರೆಡ್ಡಿಗೆ 20ಕ್ಕಿಂತ ಕಡಿಮೆ ಬಂದರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಅದನ್ನು ಪೋಬಾಯ್ ಎಂದು ಒಪ್ಪುವುದಿಲ್ಲ. ರುಚಿಯಾದ ಸಿಗಡಿ ಸ್ಯಾಂಡ್‌ವಿಚ್ ಎಂದಷ್ಟೇ ಬರೆದುಕೊಳ್ಳುತ್ತೇನೆ.

ಬ್ರೆಡ್ಡಿಗೆ ಇಷ್ಟು ತೂಕ ಕೊಡುವುದಕ್ಕೆ ಈ ತಿಂಡಿಯ ಹುಟ್ಟಿನಲ್ಲೇ ಕಾರಣವಿದೆ. 1929ರ ಜುಲೈನಲ್ಲಿ ನ್ಯೂ ಆರ್ಲಿಯನ್ಸಿನ ಟ್ರಾಮ್ ನೌಕರರು ಮುಷ್ಕರ ಹೂಡಿದರು. ಹಿಂದೆ ತಾವೂ ಟ್ರಾಮ್ ಕಂಡಕ್ಟರುಗಳಾಗಿದ್ದು, ಆಮೇಲೆ ಹೋಟೆಲು ನಡೆಸುತ್ತಿದ್ದ ಬೆನ್ನಿ ಮತ್ತು ಕ್ಲೋವಿಸ್ ಮಾರ್ಟಿನ್ ಸೋದರರು ಮುಷ್ಕರ ನಿರತರಿಗೆ ಪುಕ್ಕಟೆ ಊಟ ಕೊಟ್ಟರು. ಆಗ ಸಿಗುತ್ತಿದ್ದ ಫ್ರೆಂಚ್ ಬ್ರೆಡ್ಡಿನ ತುದಿಗಳು ಚೂಪಾಗಿದ್ದವು, ಆ ಭಾಗ ದಂಡವಾಗುತ್ತಿತ್ತು. ಬೇಕರಿಯ ಜಾನ್ ಜೆಂಡೂಸಾ ಅವರಿಂದ ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಗಲದ ಉದ್ದನೆಯ ಲೋಫ್ ಮಾಡಿಸಿದ್ದು ಮಾರ್ಟಿನ್ ಸೋದರರೇ. ಎಲ್ಲಿ ಕತ್ತರಿಸಿದರೂ ಎಲ್ಲರಿಗೂ ಸಮನಾದ ತುಂಡು ಸಿಗಬೇಕು ಎನ್ನುವುದು ಲೆಕ್ಕ. ಅದಕ್ಕೇ ನನ್ನ ತಟ್ಟೆಗೆ ಚೂಪು ತುದಿಯ ತುಂಡು ಬಂದು, ಆ ಮೂತಿಯೊಳಗೆ ಸಿಗಡಿಯೇ ಇಲ್ಲದಿದ್ದರೆ ಅಲ್ಲಿಯೂ ಅಂಕ ಕಳೆಯುತ್ತೇನೆ.

ನ್ಯೂ ಆರ್ಲಿಯನ್ಸಿನ ಬ್ರೆಡ್ಡಿಗೆ ಫ್ರೆಂಚ್ ಬ್ರೆಡ್ ಎಂದೇ ಹೆಸರು, ಆದರೆ ಪ್ಯಾರಿಸಿನ ಬ್ಯಾಗೆಟ್ಟಿಗೂ ಅದಕ್ಕೂ ತುಂಬ ದೂರ. ಸಾಂಪ್ರದಾಯಿಕ ಬ್ಯಾಗೆಟ್ಟಿನ ಹಿಟ್ಟು, ನೀರು, ಉಪ್ಪು, ಯೀಸ್ಟ್ ನಿಧಾನವಾಗಿ ಹುದುಗುತ್ತವೆ. ಮೇಲ್ಪದರ ದಪ್ಪ, ತಿರುಳು ಎಳೆದು ಜಗಿಯುವಂಥದ್ದು. ನ್ಯೂ ಆರ್ಲಿಯನ್ಸಿನ ಲೋಫಿಗೆ ಸಾಮಾನ್ಯವಾಗಿ ಸ್ವಲ್ಪ ಸಕ್ಕರೆ, ಸ್ವಲ್ಪ ಕೊಬ್ಬು ಸೇರುತ್ತದೆ. ಯೀಸ್ಟ್ ಹೆಚ್ಚು, ಉಬ್ಬುವುದು ಬೇಗ, ಒಲೆಯಲ್ಲಿ ಮೊದಲಿಗೆ ಹಬೆ. ಫಲವಾಗಿ ಮೇಲ್ಪದರ ಸಂಡಿಗೆಯ ಹಾಗೆ ಪುಡಿಯಾಗುತ್ತದೆ, ಒಳಗೆ ಹಗುರವಾದ, ಹೆಚ್ಚು ರುಚಿಯಿಲ್ಲದ ತಿರುಳು ಉಳಿಯುತ್ತದೆ. ಆ ಸಪ್ಪೆತನ ಅಲ್ಲಿ ಗುಣವೇ, ಏಕೆಂದರೆ ರುಚಿ ಒಳಗಿನ ಸಿಗಡಿಯಿಂದ ಬರಬೇಕು. ಮಿಸಿಸಿಪ್ಪಿ ನದಿಯ ನೀರಿನಿಂದಲೇ ಈ ಬ್ರೆಡ್ ಹೀಗೆ ಎಂದು ಆ ಊರಿನವರು ಹೇಳುವುದುಂಟು. ನನಗೆ ಹಿಟ್ಟು, ಹುದುಗು, ಹಬೆ ಈ ಮೂರೇ ಸಾಕಾದ ವಿವರಣೆ.

ಬ್ಯಾಗೆಟ್ಟಿನಲ್ಲಿ ಆಗುವ ತೊಂದರೆ ಬರೀ ಯಾಂತ್ರಿಕವಾದದ್ದು. ಕಚ್ಚಿದಾಗ ಮೇಲ್ಪದರ ತುಂಡಾಗಲು ಹಲ್ಲಿನ ಬಲ ಬೇಕು. ಆ ಒತ್ತಡಕ್ಕೆ ಸಿಗಡಿ ಹಿಂಬದಿಯಿಂದ ಜಾರಿ ತಟ್ಟೆಗೆ ಬೀಳುತ್ತದೆ, ಅಂಗುಳು ಗೀರುತ್ತದೆ, ಸಿಗಡಿಯ ಗರಿಗರಿ ಗೊತ್ತೇ ಆಗುವುದಿಲ್ಲ. ಇಟಲಿಯ ಚಬಾಟಾ ಬ್ರೆಡ್ಡಿನಲ್ಲೂ ಇದೇ ಕಥೆ. ಬ್ರಿಯೋಶ್ ಆದರೆ ಸಿಹಿ ಮತ್ತು ಬೆಣ್ಣೆಯ ಜಿಡ್ಡು ಮೇಯನೇಸ್ ಜೊತೆ ಸೇರಿ ಎರಡನೇ ತುತ್ತಿಗೇ ಮುಖ ಹೊಡೆಯುತ್ತದೆ.

ಲಂಡನ್ನಿನಲ್ಲಿ ಸಿಗುವ ಬ್ರೆಡ್ಡುಗಳಲ್ಲಿ ನ್ಯೂ ಆರ್ಲಿಯನ್ಸಿನದಕ್ಕೆ ತೀರ ಹತ್ತಿರದ್ದು ವಿಯೆಟ್ನಾಮಿನ ಬಾನ್ ಮೀ ಸ್ಯಾಂಡ್‌ವಿಚ್ಚಿನ ಬ್ರೆಡ್. ತೆಳು ಪದರ, ಗಾಳಿ ತುಂಬಿದ ತಿರುಳು. ನ್ಯೂ ಆರ್ಲಿಯನ್ಸಿನಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿದೆ: ಅಲ್ಲಿನ ವಿಯೆಟ್ನಾಮೀ ಬೇಕರಿ ಡಾಂಗ್ ಫುವಾಂಗ್ ಊರಿನ ಪೋಬಾಯ್ ಅಂಗಡಿಗಳಿಗೂ ಬ್ರೆಡ್ ಪೂರೈಸುತ್ತದೆ, ಬಾನ್ ಮೀಯನ್ನು ಜನ ವಿಯೆಟ್ನಾಮೀ ಪೋಬಾಯ್ ಎಂದೇ ಕರೆಯುತ್ತಾರೆ. ಹ್ಯಾಕ್ನಿಯ ಕಿಂಗ್ಸ್‌ಲ್ಯಾಂಡ್ ರಸ್ತೆಯ ಆಸುಪಾಸಿನಲ್ಲಿ ವಿಯೆಟ್ನಾಮೀ ಅಂಗಡಿಗಳು ಬೇಕಾದಷ್ಟಿವೆ. ಒಬ್ಬ ಬಾಣಸಿಗ ಅಂಥ ಕಡೆಯಿಂದ ಬ್ರೆಡ್ ತರಿಸುತ್ತಿದ್ದರೆ ಆತನಿಗೆ ವಿಷಯ ಗೊತ್ತಿದೆ ಎಂದರ್ಥ. ನಾನು ಆರ್ಡರ್ ಮಾಡುವ ಮೊದಲು ಕೇಳುವ ಪ್ರಶ್ನೆ ಒಂದೇ: ಬ್ರೆಡ್ ಎಲ್ಲಿಯದು, ಇವತ್ತಿನದೇ? ಈ ಬ್ರೆಡ್ಡಿನ ಬಾಳಿಕೆ ಒಂದು ದಿನ. ನಿನ್ನೆಯದನ್ನು ಬೆಣ್ಣೆ ಸವರಿ ಕಾವಲಿಯ ಮೇಲೆ ಕೆಂಪಗೆ ಮಾಡಿದರೆ ತಿರುಳು ಒಣಗುತ್ತದೆ. ಒಣ ಒಲೆಯಲ್ಲಿ ಮೂರು ನಾಲ್ಕು ನಿಮಿಷ ಬೆಚ್ಚಗೆ ಮಾಡುವುದು ಮಾತ್ರ ಸರಿಯಾದ ಕ್ರಮ.

ಇನ್ನು ಸಿಗಡಿ. ಮೊದಲು ಗಾತ್ರ. ಒಂದು ಪೌಂಡ್ ತೂಕಕ್ಕೆ (ಸುಮಾರು 450 ಗ್ರಾಂ) 40ರಿಂದ 50 ಬರುವ ಸಣ್ಣ ಸಿಗಡಿ ಸರಿಯಾದದ್ದು. ಇಲ್ಲಿನ ಹೋಟೆಲುಗಳು ಬೆಲೆಗೆ ತಕ್ಕ ದೊಡ್ಡಸ್ತಿಕೆ ಕಾಣಲಿ ಎಂದು ಪೌಂಡಿಗೆ 16–20ರ ಟೈಗರ್ ಸಿಗಡಿ ಹಾಕುತ್ತವೆ. ಒಮ್ಮೆ ಕಚ್ಚಿದರೆ ಇಡೀ ಸಿಗಡಿಯೇ ಹೊರಗೆ ಬರುತ್ತದೆ, ಮುಂದಿನ ತುತ್ತಿನಲ್ಲಿ ಬರೀ ಸೊಪ್ಪು. ಮಾಂಸಕ್ಕೆ ಹೋಲಿಸಿದರೆ ಹಿಟ್ಟಿನ ಪದರವೂ ಕಡಿಮೆಯಾಗುತ್ತದೆ. 15 ಸೆಂ.ಮೀ. ತುಂಡಿನೊಳಗೆ ಕರಿದ ಸಿಗಡಿ 100–120 ಗ್ರಾಂ ಇದ್ದು, ಒಂದೆರಡು ಅಂಚಿನಿಂದ ಹೊರಗೆ ಉದುರುವಂತಿರಬೇಕು ಎನ್ನುವುದು ನನ್ನ ಅಳತೆ.

ಹಿಟ್ಟಿನಲ್ಲಿ ಆಗುವ ಎಡವಟ್ಟು ಬ್ರಿಟನ್ನಿಗೂ ನಮ್ಮೂರಿಗೂ ಒಂದೇ. ನ್ಯೂ ಆರ್ಲಿಯನ್ಸ್ ಇರುವ ಲೂಯಿಸಿಯಾನಾ ರಾಜ್ಯದ ಪಾಕವಿಧಾನದಲ್ಲಿ ಕಾರ್ನ್ ಫ್ಲೋರ್ ಎಂದರೆ ನಯವಾಗಿ ಬೀಸಿದ ಹಳದಿ ಮೆಕ್ಕೆಜೋಳದ ಹಿಟ್ಟು. ಲಂಡನ್ನಿನ ಅಂಗಡಿಯಲ್ಲೂ ಬೆಂಗಳೂರಿನ ಅಂಗಡಿಯಲ್ಲೂ ಆ ಹೆಸರಿನಲ್ಲಿ ಸಿಗುವುದು ಬಿಳಿ ಪಿಷ್ಟ. ಪಿಷ್ಟದಲ್ಲಿ ಕರಿದ ಸಿಗಡಿ ಬಿಳಿಚಿಕೊಂಡು, ಗಾಜಿನ ಹೊಳಪಿನಲ್ಲಿ ಚೀನೀ ತಿಂಡಿಯ ರೂಪಕ್ಕೆ ಬರುತ್ತದೆ, ಮೆಕ್ಕೆಜೋಳದ ಪರಿಮಳ ಇರುವುದಿಲ್ಲ. ಬರೀ ಮೆಕ್ಕೆಜೋಳದ ದಪ್ಪ ರವೆಯಾದರೆ ಹಲ್ಲಿಗೆ ಮರಳು ಸಿಕ್ಕಿದ ಅನುಭವ. ನಾನು ಮನೆಯಲ್ಲಿ ಪರೀಕ್ಷೆಗೆ ಬಳಸುವ ಪ್ರಮಾಣ: ಅರ್ಧ ಕಿಲೋ ಸುಲಿದ ಸಿಗಡಿಗೆ 150 ಗ್ರಾಂ ನಯವಾದ ಮೆಕ್ಕೆಜೋಳದ ಹಿಟ್ಟು, 50 ಗ್ರಾಂ ಮೆಕ್ಕೆಜೋಳದ ರವೆ, ಒಂದೂವರೆ ಚಮಚ ಉಪ್ಪು, ಒಂದು ಚಮಚ ಕರಿಮೆಣಸಿನ ಪುಡಿ, ಅರ್ಧ ಚಮಚ ಖಾರದ ಪುಡಿ. ಮೊದಲು ಮಜ್ಜಿಗೆಯಲ್ಲಿ ಅದ್ದಿ, ಹಿಟ್ಟಿನಲ್ಲಿ ಹೊರಳಿಸಿ, ಐದು ನಿಮಿಷ ಬಿಟ್ಟು, 175–180 ಡಿಗ್ರಿ ಸೆಲ್ಸಿಯಸ್ ಎಣ್ಣೆಯಲ್ಲಿ ಎರಡು ನಿಮಿಷ. ಐದು ನಿಮಿಷ ಬಿಡದಿದ್ದರೆ ಹಿಟ್ಟು ನೆನೆಯದೆ ಎಣ್ಣೆಯಲ್ಲೇ ಉದುರುತ್ತದೆ. ಒಟ್ಟಿಗೆ ಜಾಸ್ತಿ ಸುರಿದರೆ ಎಣ್ಣೆ ತಣ್ಣಗಾಗಿ ಪದರ ಜಿಡ್ಡು ಕುಡಿಯುತ್ತದೆ.

ಹೋಟೆಲಿನಲ್ಲಿ ಒಂದು ಸಿಗಡಿಯನ್ನು ಹೊರತೆಗೆದು ಕಾಗದದ ಮೇಲೆ ಒಂದು ನಿಮಿಷ ಇಡುತ್ತೇನೆ. ಎಣ್ಣೆಯ ಕಲೆ ಸಿಗಡಿಗಿಂತ ತುಂಬ ಅಗಲವಾಗಿ ಹಬ್ಬಿದರೆ ಎಣ್ಣೆ ಕಾದಿರಲಿಲ್ಲ. ಹಿಟ್ಟಿನ ಪದರ ಚೀಲದಂತೆ ಕಳಚಿ, ಒಳಗಿನ ಮಾಂಸ ರಬ್ಬರಿನಂತೆ ಹೊಳೆದರೆ, ತೂಕ ಹೆಚ್ಚಿಸಲು ಫಾಸ್ಫೇಟ್ ನೀರಿನಲ್ಲಿ ನೆನೆಸಿದ ಹೆಪ್ಪುಗಟ್ಟಿದ ಸರಕು ಎಂಬ ಅನುಮಾನ ಬರುತ್ತದೆ. ಆ ನೀರು ಕರಿಯುವಾಗ ಹಬೆಯಾಗಿ ಪದರವನ್ನು ಎತ್ತಿಬಿಡುತ್ತದೆ.

ಸಿಗಡಿ ಮೆಕ್ಸಿಕೋ ಕೊಲ್ಲಿಯದ್ದಲ್ಲ ಎಂದು ಅಂಕ ಕಳೆಯುವುದು ಅನ್ಯಾಯ. ಅಮೆರಿಕವೇ ಆಮದು ಮಾಡಿಕೊಳ್ಳುವ ಸಿಗಡಿಯಲ್ಲಿ ದೊಡ್ಡ ಪಾಲು ಭಾರತದ ಕೊಳಗಳಲ್ಲಿ ಸಾಕಿದ ವೆನ್ನಾಮಿ ಜಾತಿಯದ್ದು, ಅದರಲ್ಲೂ ಆಂಧ್ರದ್ದು. ಹೊರದೇಶದ ಸಿಗಡಿ ಬಡಿಸುವ ಹೋಟೆಲುಗಳು ಅದನ್ನು ಗಿರಾಕಿಗೆ ತಿಳಿಸಬೇಕೆಂದು ಲೂಯಿಸಿಯಾನಾ 2019ರಿಂದ ಕಾನೂನನ್ನೇ ಮಾಡಿದೆ. ಲಂಡನ್ನಿನ ಮೆನುವಿನಲ್ಲಿ ‘ಗಲ್ಫ್ ಸಿಗಡಿ’ ಎಂದು ಬರೆದಿದ್ದರೆ ಮಾತ್ರ ಎಲ್ಲಿಂದ ಬಂತೆಂದು ಕೇಳುತ್ತೇನೆ. ಉತ್ತರ ಬಾರದಿದ್ದರೆ ಐದು ಅಂಕ ಹೋಯಿತು.

ಉಳಿದದ್ದು ಬೇಗ ಮುಗಿಯುತ್ತದೆ. ನ್ಯೂ ಆರ್ಲಿಯನ್ಸಿನಲ್ಲಿ ‘ಡ್ರೆಸ್ಡ್’ ಎಂದು ಕೇಳಿದರೆ ಸಣ್ಣಗೆ ಹೆಚ್ಚಿದ ಐಸ್‌ಬರ್ಗ್ ಲೆಟ್ಯೂಸ್, ಟೊಮೆಟೊ, ಹುಳಿ ಸೌತೆಯ ಬಿಲ್ಲೆ, ಮೇಯನೇಸ್ ಬರುತ್ತವೆ. ಮೇಯನೇಸ್ ಬ್ರೆಡ್ಡಿನ ಎರಡೂ ಮುಖಕ್ಕೆ ತಾಗಿರಬೇಕು. ಟೊಮೆಟೊ ರಸ ತಿರುಳಿಗೆ ಇಳಿಯದಂತೆ ತಡೆಯುವುದು ಆ ಜಿಡ್ಡೇ. ಕೆಂಪು ಎಲೆಕೋಸು, ಅವಕಾಡೊ, ಸಿಹಿ ಸಾಸ್ ಬಂದರೆ ಒಂದೊಂದಕ್ಕೂ ಮೂರು ಅಂಕ ಕಡಿತ. ಮೇಯನೇಸ್‌ನಂಥ ಖಾರದ ರೆಮುಲಾಡ್ ಸಾಸನ್ನು ಕೇಳಿದವರಿಗೆ ಕೊಡಲಿ, ತಾನಾಗಿ ಸುರಿಯಬಾರದು. ಮೇಲಿಂದ ಉದುರಿಸುವ ‘ಕೇಜನ್’ ಮಸಾಲೆಯ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ: ಪೋಬಾಯ್ ನ್ಯೂ ಆರ್ಲಿಯನ್ಸ್ ಪಟ್ಟಣದ ತಿಂಡಿ, ಲೂಯಿಸಿಯಾನಾದ ಫ್ರೆಂಚ್ ಮೂಲದ ಕೇಜನ್ನರ ಹಳ್ಳಿನಾಡಿನದ್ದಲ್ಲ, ಮತ್ತು ಆ ಕೆಂಪು ಪುಡಿ ಹಳೆಯ ಎಣ್ಣೆಯ ಕಮಟನ್ನು ಮುಚ್ಚಲು ಬಹಳ ಅನುಕೂಲ. ಖಾರಕ್ಕೆ ಮೇಜಿನ ಮೇಲೆ ವಿನಿಗರ್ ಬೆರೆತ ಕೆಂಪು ಮೆಣಸಿನ ಸಾಸ್ ಬಾಟಲಿ ಇದ್ದರೆ ಸಾಕು.

ಒಂದು ತಟ್ಟೆಯ ಲೆಕ್ಕ ಹೀಗಿತ್ತು. ಬ್ರೆಡ್ ಬ್ಯಾಗೆಟ್ಟೇ ಆದರೂ ತಿರುಳು ಸ್ವಲ್ಪ ಅಗೆದು ತೆಗೆದಿದ್ದರು, 18. ಸಿಗಡಿ ದೊಡ್ಡದು, ಆದರೆ ಹಿಟ್ಟು ಹಳದಿ, ಎಣ್ಣೆ ಹೊಸದು, 22. ಸೊಪ್ಪು, ಮೇಯನೇಸ್ ಸರಿಯಾಗಿದ್ದವು, 13. ಅರ್ಧ ತಿನ್ನುವಷ್ಟರಲ್ಲಿ ಮೂರು ಸಿಗಡಿ ತಟ್ಟೆಗೆ ಬಿದ್ದಿದ್ದಕ್ಕೆ ಜೋಡಣೆಗೆ 6. ಒಟ್ಟು 59, ಬ್ರೆಡ್ಡಿಗೆ 20 ಬಾರದ್ದರಿಂದ ನನ್ನ ಲೆಕ್ಕದಲ್ಲಿ ಅದು ಬರೀ ಸಿಗಡಿ ಸ್ಯಾಂಡ್‌ವಿಚ್. ಅದೇ ಅಡುಗೆಯವರ ಕೈಗೆ ಬಾನ್ ಮೀ ಬ್ರೆಡ್ ಮತ್ತು ಸಣ್ಣ ಸಿಗಡಿ ಸಿಕ್ಕಿದ್ದರೆ 80 ದಾಟುತ್ತಿತ್ತು.

ಮಾಂಸ ತಿನ್ನದವರಿಗೆ ಒಂದು ಎಚ್ಚರಿಕೆ: ಆಲೂಗಡ್ಡೆ ಫ್ರೈಸ್ ತುಂಬಿದ ಪೋಬಾಯ್ ಉಂಟು, ಆದರೆ ವಾಡಿಕೆಯಲ್ಲಿ ಅದರ ಮೇಲೆ ಸುರಿಯುವುದು ದನದ ಮಾಂಸದ ಗ್ರೇವಿ, ಕೇಳದೆ ತಿನ್ನಬೇಡಿ. ಪಾರ್ಸೆಲ್ ತೆಗೆದುಕೊಳ್ಳುವುದಾದರೆ ಪ್ಲಾಸ್ಟಿಕ್ ಡಬ್ಬಿ ಬೇಡವೆಂದು ಹೇಳಿ, ಕಾಗದದಲ್ಲಿ ಸುತ್ತಿಸಿ. ಮುಚ್ಚಿದ ಡಬ್ಬಿಯ ಹಬೆಗೆ ಹತ್ತು ನಿಮಿಷದಲ್ಲಿ ಬ್ರೆಡ್ಡೂ ಸಿಗಡಿಯೂ ಮೆತ್ತಗಾಗುತ್ತವೆ. ಅಂಥ ಪಾರ್ಸೆಲ್ಲಿಗೆ ನಾನು ಅಂಕ ಹಾಕುವುದೇ ಇಲ್ಲ.