ಮೇಣ ಕಟ್ಟುವ ತನಕ ಕಾದೆ

ಹೊಳಲ್ಕೆರೆ ಕಡೆ ನಮ್ಮದೊಂದು ಅಡಿಕೆ ತೋಟ. ಬದುವಿನ ಮೇಲೆ ಸಾಲು ಹೊಂಗೆ ಮರ. ಯುಗಾದಿ ಕಳೆದ ಮೇಲೆ ಅವು ಹೂ ಬಿಟ್ಟರೆ ನೆಲ ಕಾಣುವುದಿಲ್ಲ, ಅಷ್ಟು ಹೂ ಉದುರಿರುತ್ತದೆ. ಆ ನೆರಳಲ್ಲೇ ನನ್ನ ಎರಡು ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದೇನೆ. ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದ್ದೇನೆ.

ಮೊದಲ ವರ್ಷ ಅವಸರ ಮಾಡಿದೆ. ಮುಚ್ಚಳ ತೆಗೆದಾಗ ಎರಿಯ, ಅಂದರೆ ಮೇಣದ ಹುಟ್ಟಿನ ತುಂಬ ರಸ ಫಳಫಳ ಹೊಳೆಯುತ್ತಿತ್ತು. ಇನ್ನೇನು ಬೇಕು ಅಂತ ಯಂತ್ರದಲ್ಲಿ ತಿರುಗಿಸಿ ಬಾಟಲಿಗೆ ತುಂಬಿಟ್ಟೆ. ಕೆಲವೇ ವಾರದಲ್ಲಿ ಮೇಲೆ ನೊರೆ ಬಂತು. ಬಿರಡೆ ತೆಗೆದರೆ ಟುಸ್ ಅಂತ ಗಾಳಿ, ಹುಳಿ ವಾಸನೆ. ಅಜ್ಜಿ ಬೆರಳಲ್ಲಿ ನೆಕ್ಕಿ ನೋಡಿ, "ಹಸೀದ್ನೇ ಕಿತ್ಕಂಡ್ ಬಂದೀಯಲ್ಲೋ ಮಗಾ" ಅಂದರು.

ಅವರು ಹೇಳಿದ್ದು ಪೂರ್ತಿ ನಿಜ. ಹೂವಿನ ರಸದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ, ಕೆಲವು ಹೂಗಳಲ್ಲಿ ಶೇ. 80ರವರೆಗೂ. ಅದು ಶೇ. 20ರ ಹತ್ತಿರಕ್ಕೆ ಇಳಿಯದಿದ್ದರೆ ಜೇನುತುಪ್ಪ ಹುಳಿಯುತ್ತದೆ.

ಮರುವರ್ಷ ಪೆಟ್ಟಿಗೆ ಪಕ್ಕ ಸುಮ್ನೆ ಕೂತು ನೋಡಿದೆ. ಹೊರಗಿಂದ ಬಂದ ನೊಣ ಹೊಟ್ಟೆಯ ಚೀಲದಲ್ಲಿ ತಂದ ರಸವನ್ನು ತಾನೇ ಎರಿಗೆ ಸುರಿಯುವುದಿಲ್ಲ. ಒಳಗಿನ ನೊಣದ ಬಾಯಿಗೆ ಕೊಡುತ್ತದೆ. ಆ ನೊಣ ಒಂದು ಹನಿಯನ್ನು ನಾಲಿಗೆಯ ಮೇಲೆ ತರುತ್ತದೆ, ಮತ್ತೆ ಒಳಗೆಳೆಯುತ್ತದೆ, ಮತ್ತೆ ತರುತ್ತದೆ. ಹದಿನೈದು ಇಪ್ಪತ್ತು ನಿಮಿಷ ಇದೇ ಕೆಲಸ. ಹನಿಯ ನೀರು ಆರುತ್ತದೆ. ನೊಣದ ಬಾಯಿರಸ ಸೇರಿ ಅದರ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಆಮೇಲೆ ಅದನ್ನು ಎರಿಯ ಕೋಶಕ್ಕೆ ಹಾಕಿ ಎಲ್ಲವೂ ಸೇರಿ ರೆಕ್ಕೆ ಬೀಸುತ್ತವೆ. ಹೊಂಗೆ ಹೂವಿನ ದಿನಗಳಲ್ಲಿ ರಾತ್ರಿ ಪೆಟ್ಟಿಗೆಗೆ ಕಿವಿ ಇಟ್ಟರೆ ದೂರದಲ್ಲಿ ಮೋಟರ್ ಓಡಿದ ಹಾಗೆ ಗುಂಯ್ ಅನ್ನುತ್ತಿರುತ್ತದೆ. ಟಾರ್ಚಿಗೆ ಕೆಂಪು ಕಾಗದ ಕಟ್ಟಿ ನೋಡಿದೆ. ಬಾಗಿಲಲ್ಲಿ ನಾಲ್ಕೈದು ನೊಣ ತಲೆ ಹೊರಗೆ ಮಾಡಿ ನಿಂತು ಒಳಗೆ ಗಾಳಿ ತಳ್ಳುತ್ತಿದ್ದವು. ಹೊರದೇಶದಿಂದ ಬಂದ ಮೆಲ್ಲಿಫೆರಾ ಜಾತಿಯ ಜೇನುನೊಣ ಇದಕ್ಕೆ ಉಲ್ಟಾ, ತಲೆ ಒಳಗೆ ಮಾಡಿ ಗಾಳಿಯನ್ನು ಹೊರಗೆ ಎಳೆಯುತ್ತದೆ. ಇದನ್ನು ನೋಡಿದ ದಿನ ನನಗೆ ನಿದ್ದೆಯೇ ಹತ್ತಲಿಲ್ಲ.

ಹದ ಬಂದ ಕೋಶಕ್ಕೆ ಅವೇ ತೆಳುವಾದ ಮೇಣದ ಮುಚ್ಚಳ ಹಾಕುತ್ತವೆ. ಈಗ ಎರಿಯ ಮುಕ್ಕಾಲು ಭಾಗ ಹೀಗೆ ಮುಚ್ಚಿದ ಮೇಲೆ ಮಾತ್ರ ಕೈ ಹಾಕುತ್ತೇನೆ. ಅನುಮಾನ ಬಂದರೆ ಚೌಕಟ್ಟನ್ನು ಅಡ್ಡ ಹಿಡಿದು ಮೆಲ್ಲಗೆ ಒದರುತ್ತೇನೆ. ಹನಿ ಉದುರಿದರೆ ವಾಪಸ್ ಇಡುತ್ತೇನೆ. ಆ ವರ್ಷ ಎರಡೂ ಪೆಟ್ಟಿಗೆ ಸೇರಿ ಸಿಕ್ಕಿದ್ದು ಮೊದಲಿಗಿಂತ ಕಮ್ಮಿಯೇ. ಆದರೆ ಚಮಚದಿಂದ ಎಳೆ ಎಳೆಯಾಗಿ ಇಳಿಯುತ್ತಿತ್ತು, ವರ್ಷ ಕಳೆದರೂ ನೊರೆ ಬರಲಿಲ್ಲ.

ಕೆಳಗಿನ ಸಂಸಾರ ಕೋಣೆಯ, ಅಂದರೆ ಮೊಟ್ಟೆ ಮರಿ ಇರುವ ಭಾಗದ ತುಪ್ಪ ಮುಟ್ಟುವುದಿಲ್ಲ. ಅದು ಅವುಗಳ ಮಳೆಗಾಲದ ಊಟ. ಹಸಿವಾದರೆ ತುಡುವೆ ಜೇನು ಪೆಟ್ಟಿಗೆ ಬಿಟ್ಟು ಹೋಗಿಬಿಡುತ್ತದೆ. ನನ್ನ ಒಂದು ಪೆಟ್ಟಿಗೆ ಒಮ್ಮೆ ಹಾಗೇ ಖಾಲಿಯಾಯಿತು. ಬೆಳಿಗ್ಗೆ ಹೋಗಿ ನೋಡಿದರೆ ಬರೀ ಒಣ ಎರಿ. ಅಂದಿನಿಂದ ಆಷಾಢದಲ್ಲಿ ಹೂ ಕಮ್ಮಿಯಾದ ಕೂಡಲೇ ಸಮ ನೀರು ಸಮ ಸಕ್ಕರೆ ಕರಗಿಸಿ, ಸಂಜೆ ಹೊತ್ತು ಒಳಗೆ ಇಟ್ಟು ಬರುತ್ತೇನೆ.