ಮಳೆಗೆ ಮೊದಲೇ ಪಕ್ಕದ ಮನೆಗೆ ಹೋಗಿ ಮಾತಾಡಿ

ನಮ್ಮ ಕಡೆ ನೆರೆಕರೆ ಜಗಳಕ್ಕೂ ಒಂದೊಂದು ಕಾಲ ಉಂಟು. ದೀಪಾವಳಿ ಕಳೆದರೆ ಪತ್ತನಾಜೆವರೆಗೆ (ಮೇ ಕೊನೆಯ ಹೊತ್ತಿಗೆ ಕೋಲ, ಯಕ್ಷಗಾನ ಎಲ್ಲ ಮುಗಿಯುವ ದಿನ) ಮೈಕಿನದ್ದು, ಬೇಸಿಗೆಯಲ್ಲಿ ತರಗೆಲೆ ಸುಟ್ಟ ಹೊಗೆಯದ್ದು, ಜೂನ್ ಶುರುವಾದರೆ ನೀರಿನದ್ದು, ಗಾಳಿಮಳೆ ಜೋರಾದರೆ ತೆಂಗಿನಮರದ್ದು. ಮಂಗಳೂರು, ಉಡುಪಿ ಕಡೆ ಸಂಸಾರ ಮಾಡಿದ ಯಾರಿಗಾದರೂ ಇದು ಗೊತ್ತಿರುವ ವಿಷಯವೇ. ಆದರೂ ನಾವು ಬಾಯಿ ಬಿಡುವುದು ಯಾವಾಗ? ಅಂಗಳದಲ್ಲಿ ನೀರು ನಿಂತ ಮೇಲೆ, ಅದೂ ಕತ್ತಲಲ್ಲಿ, ಕರೆಂಟ್ ಹೋಗಿರುವಾಗ, ಕೊಡೆ ಹಿಡಿದುಕೊಂಡು, ಮಳೆ ಸದ್ದಿನಲ್ಲಿ ಕೇಳುವುದಿಲ್ಲ ಎಂದು ಜೋರಾಗಿ ಕಿರುಚಿ. ಹೊಸದಾಗಿ ಮನೆ ಮಾಡಿದ ಮಕ್ಕಳಿಗೆ ನಾನು ಹೇಳುವುದು ಒಂದೇ. ಏಪ್ರಿಲ್‌ನಲ್ಲಿ ಮಾತಾಡಿ. ಬಿಸಿಲಿರುವಾಗ, ಇಬ್ಬರಿಗೂ ಅವಸರ ಇಲ್ಲದಿರುವಾಗ ಹೋಗಿ ಕೂತು ಮಾತಾಡಿ.

ಹೋಗುವಾಗ ಒಬ್ಬರೇ ಹೋಗಿ. ಮನೆಯವರೆಲ್ಲ ಗುಂಪಾಗಿ ಹೋದರೆ ಅವರಿಗೆ ಹೊಡೆದಾಟಕ್ಕೆ ಬಂದ ಹಾಗೆ ಅನಿಸುತ್ತದೆ. ಸಂಜೆ ಚಾ ಹೊತ್ತು ಒಳ್ಳೆಯದು, ದೀಪ ಇಡುವ ಹೊತ್ತು ಬೇಡ, ನಮಾಜಿನ ಹೊತ್ತು ಬೇಡ, ಭಾನುವಾರ ಇಗರ್ಜಿಗೆ ಹೊರಟವರನ್ನು ಗೇಟಿನಲ್ಲಿ ನಿಲ್ಲಿಸಬೇಡಿ. ಅವರ ಮನೆಮಾತು ಗೊತ್ತಿದ್ದರೆ ಅದರಲ್ಲೇ ಶುರು ಮಾಡಿ, ತುಳುವೋ ಕೊಂಕಣಿಯೋ ಬ್ಯಾರಿಯೋ. "ನಿಮ್ಮ ನೀರು ನಮಗೆ ಬರುತ್ತದೆ" ಅನ್ನಬೇಡಿ. "ಅಣ್ಣಾ, ನಮ್ಮ ಅಡುಗೆಮನೆ ಗೋಡೆ ಒದ್ದೆ ಆಗ್ತಾ ಉಂಟು, ಒಮ್ಮೆ ಬಂದು ನೋಡ್ತೀರಾ" ಅನ್ನಿ. ಬಂದು ಕಣ್ಣಾರೆ ನೋಡಿದ ಮನುಷ್ಯ ಅರ್ಧ ಒಪ್ಪಿಕೊಂಡ ಹಾಗೆಯೇ. ಇನ್ನೊಂದು ವಿಷಯ, ಯಾರ ಹತ್ತಿರ ಮಾತಾಡಬೇಕು ಅಂತ ಮೊದಲು ತಿಳಿದುಕೊಳ್ಳಿ. ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಮಗ ದುಬೈಯಲ್ಲೋ ಮುಂಬೈಯಲ್ಲೋ ಇರುತ್ತಾನೆ, ಇಲ್ಲಿ ವಯಸ್ಸಾದ ಅಮ್ಮ ಒಬ್ಬರೇ. ಆ ಅಮ್ಮನ ಮೇಲೆ ಜೋರು ಮಾಡಿ ಏನೂ ಸಿಗುವುದಿಲ್ಲ. ಅವರಿಗೆ ಮೇಸ್ತ್ರಿಯನ್ನು ಕರೆಸುವ ಧೈರ್ಯವೂ ಇರುವುದಿಲ್ಲ, ದುಡ್ಡೂ ಕೈಯಲ್ಲಿ ಇರುವುದಿಲ್ಲ, ರಾತ್ರಿ ನಿದ್ದೆ ಮಾತ್ರ ಹೋಗುತ್ತದೆ. ಮಗನ ನಂಬರ್ ಕೇಳಿ ತೆಗೆದುಕೊಳ್ಳಿ, ಅವನಿಗೆ ರಜೆ ಇರುವ ದಿನ ಫೋನ್ ಮಾಡಿ, ಅಮ್ಮ ಚೆನ್ನಾಗಿದ್ದಾರೆ ಅಂತ ಮೊದಲು ಹೇಳಿ, ಆಮೇಲೆ ವಿಷಯಕ್ಕೆ ಬನ್ನಿ. ಬಾಡಿಗೆಯವರಿದ್ದರೆ ಓನರ್ ಹತ್ತಿರವೇ ಹೋಗಿ.

ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿ "ಇದು ಯಾರದ್ದು?" ಎಂದು ಕೇಳುವುದು ಬೇಡವೇ ಬೇಡ. ಹತ್ತು ಜನರ ಎದುರು ಮರ್ಯಾದೆ ಹೋದವನು ಚರಂಡಿ ಸರಿ ಮಾಡುವುದಿಲ್ಲ.

ನೀರಿನದ್ದೇ ಎಲ್ಲಕ್ಕಿಂತ ದೊಡ್ಡದು. ಕರಾವಳಿಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಿಂದೆ ಎರಡು ಮನೆಯ ನಡುವೆ ತೋಡು ಇರುತ್ತಿತ್ತು, ಕೆಳಗೆ ಗದ್ದೆ ಇರುತ್ತಿತ್ತು, ನೀರಿಗೆ ಹೋಗಲು ಜಾಗ ಇತ್ತು. ಈಗ ಗದ್ದೆಗೆ ಮಣ್ಣು ತುಂಬಿ ಸೈಟು ಮಾಡುತ್ತಾರೆ. ಮೊದಲು ಕಟ್ಟಿದವರ ಅಂಗಳಕ್ಕಿಂತ ಎರಡು ಅಡಿ ಎತ್ತರಿಸಿ, ಸುತ್ತ ಪಾಗಾರ (ಕಂಪೌಂಡ್ ಗೋಡೆ) ಹಾಕಿ, ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿಬಿಟ್ಟರೆ ನೀರು ಇಂಗುವುದೂ ಇಲ್ಲ, ಹೋಗುವುದೂ ಇಲ್ಲ, ಹಳೆ ಮನೆಯವರ ಜಗಲಿಗೇ ಬರುತ್ತದೆ. ಇದರಲ್ಲಿ ಕಾನೂನು ಎರಡೂ ಕಡೆಗೆ ಉಂಟು. 1882ರ ಈಸ್‌ಮೆಂಟ್ ಕಾಯ್ದೆ (ಪಕ್ಕದವರ ಜಾಗದ ಮೇಲಿರುವ ನೀರು, ದಾರಿಯಂಥ ಹಕ್ಕುಗಳ ಕಾನೂನು) ಪ್ರಕಾರ ಮೇಲಿನ ಜಾಗದಲ್ಲಿ ಬಿದ್ದ ಮಳೆ ನೀರು ತನ್ನಷ್ಟಕ್ಕೆ ಕೆಳಗೆ ಹರಿದು ಬಂದರೆ ಕೆಳಗಿನವರು ಬಿಟ್ಟುಕೊಳ್ಳಬೇಕು, ಗೋಡೆ ಕಟ್ಟಿ ಅದನ್ನು ವಾಪಸು ತಳ್ಳುವ ಹಾಗಿಲ್ಲ. ಆದರೆ ಮನೆಯ ಮಾಡಿನ (ಛಾವಣಿಯ) ನೀರನ್ನೆಲ್ಲ ಪೈಪಿನಲ್ಲಿ ಸೇರಿಸಿ ಪಕ್ಕದವರ ಪಾಗಾರದ ಬುಡಕ್ಕೆ ಬಿಡುವುದು ಬೇರೆಯೇ ವಿಷಯ, ಅದಕ್ಕೆ ಯಾರೂ ಒಪ್ಪಬೇಕಾಗಿಲ್ಲ. ಹೊಸ ಮನೆ ಕಟ್ಟುವವರು ಮಣ್ಣು ತುಂಬಿಸುವ ಮೊದಲೇ ಪಕ್ಕದವರನ್ನು ಕರೆದು ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಹೋಗುತ್ತದೆ ಅಂತ ಕೇಳಿ. ಅಲ್ಲಿ ಬಹಳ ವರ್ಷ ಇದ್ದವರಿಗೆ ಗೊತ್ತಿರುವಷ್ಟು ಯಾವ ಎಂಜಿನಿಯರಿಗೂ ಗೊತ್ತಿರುವುದಿಲ್ಲ.

ಮೇ ತಿಂಗಳ ಮೊದಲ ಜೋರು ಮಳೆಗೆ ಇಬ್ಬರೂ ಕೊಡೆ ಹಿಡಿದು ಹೊರಗೆ ಬನ್ನಿ. ನೀರು ಎಲ್ಲಿ ತಿರುಗುತ್ತದೆ, ಎಲ್ಲಿ ತೆಂಗಿನ ಮಡಲಿನ (ಗರಿಯ) ತುಂಡು ಅಡ್ಡ ಬಿದ್ದು ಕಟ್ಟಿಕೊಂಡಿದೆ, ಎಲ್ಲಿ ಪಾಗಾರದ ಕೆಳಗಿಂದ ಕೆಂಪಗೆ ಬರುತ್ತದೆ, ಒಟ್ಟಿಗೆ ನಿಂತು ನೋಡಿ. ಅರ್ಧ ಗಂಟೆ ಸಾಕು. ಬಿಸಿಲಿನಲ್ಲಿ ನಿಂತು ವಾದ ಮಾಡಿದರೆ ಮುಗಿಯದ್ದು ಆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಮಣ್ಣು ತುಂಬಿದ ಕಡೆ ಕಟ್ಟಿದ ಕಲ್ಲಿನ ಗೋಡೆಗೆ ನೀರು ಹೋಗಲು ತೂತು ಬಿಟ್ಟಿದ್ದಾರಾ ಅಂತ ಖಂಡಿತ ನೋಡಿ. ತೂತು ಇಲ್ಲದಿದ್ದರೆ ಹಿಂದಿನ ಮಣ್ಣು ನೀರು ಕುಡಿದು ಭಾರವಾಗಿ ಗೋಡೆಯನ್ನು ತಳ್ಳುತ್ತದೆ. ಜುಲೈಯಲ್ಲಿ ರಾತ್ರೋರಾತ್ರಿ ಗೋಡೆ ಮಗುಚಿ ಕೆಳಗಿನ ಮನೆಯ ಮೇಲೆ ಬೀಳುವುದು ಹೀಗೆಯೇ. ಪಿವಿಸಿ ಪೈಪಿನ ತುಂಡುಗಳನ್ನು ಹೊರಕ್ಕೆ ಸ್ವಲ್ಪ ಇಳಿಜಾರು ಮಾಡಿ ಇಟ್ಟು, ಹಿಂದೆ ಜಲ್ಲಿ ತುಂಬಿಸಬೇಕು, ಇಲ್ಲದಿದ್ದರೆ ಮಣ್ಣು ಬಂದು ತೂತು ಮುಚ್ಚಿಹೋಗುತ್ತದೆ. ಗೋಡೆ ಉಬ್ಬಿದ್ದು ಕಂಡರೆ, ಉದ್ದಕ್ಕೆ ಬಿರುಕು ಬಿಟ್ಟಿದ್ದರೆ, ಸ್ನೇಹ ಹಾಳಾಗುತ್ತದೆ ಎಂದು ಸುಮ್ನೆ ಇರಬೇಡಿ. ಅದರ ಬದಿಯ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ.

ಬಾವಿ ಇರುವವರು ಪಕ್ಕದವರ ಶೌಚಾಲಯದ ಗುಂಡಿ ಎಲ್ಲಿ ಬರುತ್ತದೆ ಅಂತ ಪಾಯ ತೆಗೆಯುವಾಗಲೇ ಕೇಳಿ. ಸಾಮಾನ್ಯವಾಗಿ 15 ಮೀಟರ್ ದೂರ ಇರಬೇಕು ಅನ್ನುತ್ತಾರೆ. ನಮ್ಮದು ಮುರಕಲ್ಲಿನ ನೆಲ, ತೂತು ತೂತು, ಒಂದು ಕಡೆ ಬಿಟ್ಟದ್ದು ಇನ್ನೊಂದು ಕಡೆ ಬರುತ್ತದೆ. ಗುಂಡಿ ಕಟ್ಟಿ ಮುಗಿದ ಮೇಲೆ ಅದನ್ನು ಬೇರೆ ಕಡೆ ಮಾಡಿ ಎಂದರೆ ಯಾರು ಒಪ್ಪುತ್ತಾರೆ?

ತೆಂಗಿನಮರಕ್ಕೆ ಬರುತ್ತೇನೆ. ಬಾಗಿದ ಮರದ ಕಾಯಿ ಪಕ್ಕದವರ ಹಂಚಿನ ಮೇಲೆ ಬೀಳುವುದು, ಒಣಗಿದ ಮಡಲು ಕಾರಿನ ಮೇಲೆ ಬೀಳುವುದು, ಇದು ನಮ್ಮಲ್ಲಿ ಪ್ರತಿ ಬೀದಿಯಲ್ಲೂ ಇರುವ ತಕರಾರು. ಮರ ಹತ್ತುವವರು ಸಿಗುವುದೇ ಕಷ್ಟ, ಹಾಗಾಗಿ ಇಬ್ಬರೂ ಒಂದೇ ದಿನ ಕರೆಸಿ, ಕೂಲಿ ಹಂಚಿಕೊಳ್ಳಿ. ಮಳೆಗೆ ಮೊದಲು ಒಣ ಮಡಲು, ಬಲಿತ ಕಾಯಿ ಎಲ್ಲ ಇಳಿಸಿ. ಬಾಗಿದ ಮರವಾದರೆ ಗಟ್ಟಿ ಮರಕ್ಕೆ ಸರಿಗೆ ಎಳೆದು ಕಟ್ಟಿಸಿ. ನಿಮ್ಮ ಜಾಗಕ್ಕೆ ಚಾಚಿದ ಕೊಂಬೆಯನ್ನು ನಿಮ್ಮ ಗಡಿವರೆಗೆ ಕಡಿಯಲು ನಿಮಗೆ ಅಡ್ಡಿ ಇಲ್ಲ, ಆದರೆ ಅವರ ಅಂಗಳಕ್ಕೆ ಕಾಲಿಡಬಾರದು, ಹೇಳದೆ ಕಡಿಯಲೂ ಬಾರದು. ಮಾವು, ಹಲಸಿನಂಥ ದೊಡ್ಡ ಮರವನ್ನೇ ತೆಗೆಯುವುದಾದರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಬೀಳುವ ಹಾಗೆಯೇ ಇದ್ದು, ಎಷ್ಟು ಹೇಳಿದರೂ ಕೇಳದಿದ್ದರೆ ಸಹಾಯಕ ಆಯುಕ್ತರ ಕಚೇರಿಗೆ ಅರ್ಜಿ ಕೊಡಬಹುದು. ಹಿಂದೆ ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 133 ಅನ್ನುತ್ತಿದ್ದರು, 2024ರ ಜುಲೈಯಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಅಪಾಯದ ಮರ ತೆಗೆಸಲು, ಆಧಾರ ಕೊಡಿಸಲು ಅದರಲ್ಲಿ ಅಧಿಕಾರ ಉಂಟು. ಅರ್ಜಿಯ ಜೊತೆ ಫೋಟೋ ಇಡಿ.

ಇನ್ನು ಹೊಗೆ. ಸುಡುಮಣ್ಣು (ತರಗೆಲೆ ಜೊತೆ ಮಣ್ಣು ಸುಟ್ಟು ಮಾಡುವ ಗೊಬ್ಬರ) ಮಾಡುವವರನ್ನು ನಾನು ಬೈಯುವುದಿಲ್ಲ, ಮಲ್ಲಿಗೆ ಗಿಡಕ್ಕೆ, ಬಸಳೆಗೆ ಅದು ಬೇಕೇ ಬೇಕು. ಆದರೆ ಹೊತ್ತು ನೋಡಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಕಡಲಿನಿಂದ ಬರುತ್ತದೆ, ಆಗ ಬೆಂಕಿ ಹಾಕಿದರೆ ಹೊಗೆಯೆಲ್ಲ ಮೂಡು ದಿಕ್ಕಿನ ಮನೆಗೆ. ಬೆಳಗ್ಗೆ ಬೇಗ ಗಾಳಿ ಕಡಲಿನ ಕಡೆಗೆ ಹೋಗುತ್ತಿರುತ್ತದೆ, ಆಗ ಪಡು ದಿಕ್ಕಿನವರಿಗೆ. ಯಾವ ಮನೆಯಲ್ಲಿ ದಮ್ಮಿನವರಿದ್ದಾರೆ, ಯಾರು ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸಿದ್ದಾರೆ, ಯಾರ ಸರಿಗೆಯಲ್ಲಿ ಬಟ್ಟೆ ಉಂಟು ನೋಡಿ ಬೆಂಕಿ ಹಾಕಿ. ಹಸಿ ಎಲೆ ಸೇರಿಸಬೇಡಿ, ಅದು ದಿನವಿಡೀ ಹೊಗೆಯಾಡುತ್ತದೆ. ಪ್ಲಾಸ್ಟಿಕ್ ಸುಡುವುದು ಮಾತ್ರ ಯಾವ ಹೊತ್ತಿಗೂ ಬೇಡ, ಅದಕ್ಕೆ ಕಾನೂನೂ ಬಿಡುವುದಿಲ್ಲ, ಪಂಚಾಯತ್‌ಗೆ ದೂರು ಕೊಟ್ಟರೆ ತಪ್ಪಲ್ಲ.

ಮೈಕಿನ ವಿಷಯದಲ್ಲಿ 2000ದ ಶಬ್ದಮಾಲಿನ್ಯ ನಿಯಮ ಎಲ್ಲರಿಗೂ ಒಂದೇ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಇಲ್ಲ. ವಸತಿ ಜಾಗದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ಹಬ್ಬ, ಧಾರ್ಮಿಕ ಕಾರ್ಯಕ್ರಮಕ್ಕೆ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿವರೆಗೆ ರಿಯಾಯಿತಿ ಕೊಡಬಹುದು. ಮದರಂಗಿಯ ಡಿಜೆ ಆಗಲಿ, ಕ್ರೈಸ್ತರ ಮದುವೆಗೆ ಮೊದಲಿನ ರೋಸ್ ಆಗಲಿ, ನಿಮ್ಮ ಮನೆಯ ಕಾರ್ಯಕ್ರಮವಾದರೆ ಒಂದು ವಾರ ಮೊದಲೇ ಅಕ್ಕಪಕ್ಕ ಹೇಳಿ, ಬಾಕ್ಸ್ ಮುಖ ಮನೆಗಳ ಕಡೆ ಇಡಬೇಡಿ. ಮಾರ್ಚ್‌ನಲ್ಲಿ ಮಕ್ಕಳಿಗೆ ಪರೀಕ್ಷೆ ಅಲ್ವಾ, ಸ್ವಲ್ಪ ಯೋಚನೆ ಮಾಡಿ. ಬೇರೆಯವರ ಮನೆಯದ್ದಾದರೆ ಮೊದಲು ಆ ಮನೆಯ ಹಿರಿಯರಿಗೆ ಫೋನ್ ಮಾಡಿ, ಡಿಜೆ ಹುಡುಗನ ಹತ್ತಿರ ವಾದ ಬೇಡ. ಕೇಳದಿದ್ದರೆ ಪೊಲೀಸರ 112ಕ್ಕೆ ಫೋನ್ ಮಾಡಿ.

ಫ್ಲ್ಯಾಟ್‌ನಲ್ಲಿರುವವರ ತಲೆನೋವು ಮೇಲಿನ ಮನೆಯ ಬಾತ್‌ರೂಮಿನಿಂದ ಸೋರುವ ನೀರು. ಮೇಲಿನವರಿಗೆ ಹೇಳುವ ಮೊದಲು ಎರಡು ಮೂರು ದಿನ ಸರಿಯಾಗಿ ಗಮನಿಸಿ ಬರೆದಿಟ್ಟುಕೊಳ್ಳಿ. ಹಗಲು ರಾತ್ರಿ ಒಂದೇ ಸಮ ಹನಿ ಬೀಳುತ್ತಿದ್ದರೆ ನೀರು ಬರುವ ಪೈಪಿನದ್ದು. ಮೇಲಿನವರು ಸ್ನಾನ ಮಾಡಿದ ಮೇಲೆ ಮಾತ್ರ ಆದರೆ ನೀರು ಹೋಗುವ ಪೈಪಿನ ಜಾಯಿಂಟ್, ಇಲ್ಲವೇ ಟೈಲ್ಸಿನ ಸಂದು. ಮಳೆ ಬಂದಾಗ ಮಾತ್ರ ಆದರೆ ಹೊರಗೋಡೆಯ ಬಿರುಕು, ಅದು ಮೇಲಿನವರ ತಪ್ಪೇ ಅಲ್ಲದಿರಬಹುದು, ಅಸೋಸಿಯೇಷನ್‌ಗೆ ಹೇಳಬೇಕು. ಗೊತ್ತಾಗದಿದ್ದರೆ ಅವರ ಒಪ್ಪಿಗೆ ಕೇಳಿ ಬಾತ್‌ರೂಮಿನ ನೆಲದ ಜಾಲಿಗೆ ಒಂದು ಬಕೆಟ್ ನೀರಿನಲ್ಲಿ ಬಟ್ಟೆಗೆ ಹಾಕುವ ನೀಲಿ ಕಲಸಿ ಹೊಯ್ಯಿರಿ. ಕೆಳಗೆ ನೀಲಿ ಬಣ್ಣ ಬಂದರೆ ಮತ್ತೆ ಮಾತು ಬೇಕಾಗಿಲ್ಲ.

ಸೊಳ್ಳೆಯದ್ದೂ ಹೇಳಬೇಕು. ಮಂಗಳೂರಿಗೆ ಮಲೇರಿಯ ಹೊಸತಲ್ಲ. ನಿಂತ ನೀರಿನಲ್ಲಿ ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರ, ಹತ್ತು ದಿನ ಸಾಕು. ಪಕ್ಕದ ಸೈಟಿನ ಕೆಲಸದ ತೊಟ್ಟಿ, ಮುಚ್ಚಳ ಇಲ್ಲದ ಟ್ಯಾಂಕ್, ಹಳೆ ಟಯರ್, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಇವನ್ನು ವಾರಕ್ಕೊಮ್ಮೆ ಖಾಲಿ ಮಾಡಿಸಲು ಹೇಳಿ. ಮೊದಲು ನಿಮ್ಮ ಮನೆಯದ್ದನ್ನು ನೋಡಿ ಹೋಗಿ.

ಒಂದು ವಿಷಯದಲ್ಲಿ ಮಾತ್ರ ನಾನು ಕಡಾಖಂಡಿತ. ಒಣಮೀನು ಹುರಿದ ವಾಸನೆ ಬರುತ್ತದೆ ಅಂತ ಪಕ್ಕದವರಿಗೆ ಹೇಳಲು ಹೋಗಬೇಡಿ. ಅದು ಅವರ ಊಟ. ಮೀನಿನ ಕಸವನ್ನು ತೋಡಿಗೆ ಬಿಸಾಡಿದರೆ ಹೇಳಿ, ತೆಂಗಿನ ಬುಡದಲ್ಲಿ ಆಳಕ್ಕೆ ಹೂಳಲು ಹೇಳಿ. ಅಡುಗೆಗೆ ತಕರಾರು ಮಾಡಿದವರ ಜೊತೆ ಮತ್ತೆ ಯಾವ ವಿಷಯವೂ ಸರಿಯಾಗುವುದಿಲ್ಲ.

ಗಡಿಯ ವಿಷಯ ಬಂದಾಗ ಹಗ್ಗ ಹಿಡಿದು ನೀವೇ ಅಳೆಯಬೇಡಿ, ಪಾಗಾರ ಕಟ್ಟುವ ಮೊದಲು ಹದ್ದುಬಸ್ತಿಗೆ (ಸರಕಾರಿ ಸರ್ವೆಯವರು ಗಡಿ ಅಳೆದು ಗುರುತಿಸುವುದು) ಅರ್ಜಿ ಹಾಕಿ, ಸರ್ವೆಯವರು ಬಂದಾಗ ಇಬ್ಬರೂ ಇರಿ. ಸೌಹಾರ್ದಕ್ಕೆ ದಾರಿ ಬಿಟ್ಟುಕೊಟ್ಟಿದ್ದರೆ "ಒಪ್ಪಿಗೆಯಿಂದ ಕೊಟ್ಟದ್ದು" ಅಂತ ಒಂದು ಕಾಗದ ಮಾಡಿಟ್ಟುಕೊಳ್ಳಿ. ಯಾರ ಅಪ್ಪಣೆಯೂ ಇಲ್ಲದೆ ತಮ್ಮ ಹಕ್ಕೆಂದೇ 20 ವರ್ಷ ತಡೆಯಿಲ್ಲದೆ ನಡೆದ ದಾರಿ ಕಾನೂನಿನಲ್ಲಿ ಹಕ್ಕಾಗಬಹುದು, ಒಪ್ಪಿಗೆಯಿಂದ ಕೊಟ್ಟದ್ದು ಹಾಗಾಗುವುದಿಲ್ಲ. ಮತ್ತೆ ಸಿಟ್ಟಿನಲ್ಲಿ ದೈವದ ಹೆಸರೆತ್ತಿ ಆಣೆ ಹಾಕಬೇಡಿ. ಒಂದು ಗೇಣು ಜಾಗಕ್ಕೆ ಹಾಕಿದ ಆಣೆಯಿಂದ ಮಕ್ಕಳ ಕಾಲದವರೆಗೂ ಮದುವೆಗೆ ಹೋಗಿಲ್ಲ, ಸಾವಿಗೆ ಹೋಗಿಲ್ಲ ಅನ್ನುವ ಮನೆಗಳು ನಮ್ಮಲ್ಲಿ ಇವೆ.

ಎರಡು ಸಲ ಬಾಯಲ್ಲಿ ಹೇಳಿಯೂ ಆಗದಿದ್ದರೆ ಒಂದು ಕಾಗದ ಬರೆಯಿರಿ, ತಾರೀಕು ಹಾಕಿ, ಪ್ರತಿ ಇಟ್ಟುಕೊಳ್ಳಿ. ಇಬ್ಬರೂ ಗೌರವಿಸುವ ಒಬ್ಬರನ್ನು ನಡುವೆ ಕೂರಿಸಿ. ಸಾರ್ವಜನಿಕ ಚರಂಡಿಯಾದರೆ ಪಂಚಾಯತ್ ಅಥವಾ ಪಾಲಿಕೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಹೊಡೆಯುತ್ತೇನೆ, ಬಿಡುವುದಿಲ್ಲ ಅಂತ ಬೆದರಿಸಿದರೆ ಈ ಯಾವ ಮೆಟ್ಟಿಲೂ ಬೇಡ, ಸೀದಾ ಪೊಲೀಸ್ ಠಾಣೆಗೆ ಹೋಗಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಸುಮ್ನೆ ಇರಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಕೋರ್ಟಿನಲ್ಲೇ ಉಂಟು, ಫೋನ್ 15100, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಅಲ್ಲಿಂದ ಲೋಕ ಅದಾಲತ್‌ಗೆ ಹೋಗಬಹುದು, ಶುಲ್ಕ ಇಲ್ಲ. ಆದರೆ ಅಲ್ಲಿ ರಾಜಿಗೆ ಸಹಿ ಹಾಕಿದ ಮೇಲೆ ಮೇಲ್ಮನವಿಗೆ ಅವಕಾಶ ಇಲ್ಲ. ಹಾಗಾಗಿ ಪೈಪು ಯಾರು ಹಾಕಬೇಕು, ಯಾವ ಕಡೆಗೆ, ಯಾವ ತಾರೀಕಿನ ಒಳಗೆ, ಖರ್ಚು ಯಾರದ್ದು, ಇಷ್ಟೂ ಅದರಲ್ಲಿ ಬರೆದಿದೆಯಾ ಅಂತ ಓದಿ, ಓದಲು ಕಷ್ಟವಾದರೆ ಮಗಳಿಂದಲೋ ಸೊಸೆಯಿಂದಲೋ ಓದಿಸಿ, ಆಮೇಲೆ ಸಹಿ ಹಾಕಿ.